ನಾನು ಐಡಿ ಮಾರಿದುದು

ನಮ್ಮ ಮನೆಗೆ ಮಾರಾಟವೆಂಬುದು ಹೊಸದಲ್ಲ. ರಾಗಿ, ಹುಣಿಸೆಹಣ್ಣು, ತೆಂಗಿನಕಾಯಿ, ಮನಸ್ಸಿಲ್ಲದ ಮನಸ್ಸಿನಿಂದ ಒಂದೆರಡು ಜೊತೆ ಎತ್ತು—ಇವನ್ನೆಲ್ಲ ನಮ್ಮ ತಂದೆಯವರು ಮಾರಿದ್ದಾರೆ. ಅವರ ತಂದೆಯವರೂ ಮಾರಿದ್ದರು. ಆದರೆ ತೂಕವಿಲ್ಲದ, ವಾಸನೆಯಿಲ್ಲದ, ಕೈಗೆ ಸಿಕ್ಕದ ಪದಾರ್ಥವೊಂದನ್ನು ಮಾರಿ ಹಣ ಪಡೆದವನು ನಮ್ಮ ವಂಶದಲ್ಲಿ ನಾನೇ ಮೊದಲಿಗ. ಆ ಪದಾರ್ಥದ ಹೆಸರು ಐಡಿ.

ಐಡಿ ಎಂದರೇನೆಂದು ನನ್ನ ಸಹಪಾಠಿಗಳಿಗೆ ಹೇಳಬೇಕಾದುದಿಲ್ಲ. ಅವರಲ್ಲಿ ಕೆಲವರು ಈ ಲೇಖನವನ್ನು ಓದುವ ಹೊತ್ತಿನಲ್ಲಿಯೂ ಮೇಜಿನ ಕೆಳಗೆ ಅದನ್ನೇ ತೆರೆದುಕೊಂಡಿರಬಹುದು. ಆದರೆ ಸಂಚಿಕೆಯನ್ನು ಅಧ್ಯಾಪಕರೂ ಓದುತ್ತಾರಾದ್ದರಿಂದ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ಫೋನಿನಲ್ಲಿ ಹಲವರು ಕೂಡಿ ಆಡುವ ಆಟಗಳುಂಟು. ಆಡಬೇಕಾದವನು ಅಲ್ಲಿ ಒಂದು ಖಾತೆ ತೆರೆಯಬೇಕು. ಆ ಖಾತೆಯೇ ಐಡಿ. ಅವನು ಗೆದ್ದುದು, ಸೋತುದು, ಸಂಪಾದಿಸಿದ ಅಂಗಿ, ಟೋಪಿ, ಬಂದೂಕು, ಮಾಡಿಕೊಂಡ ಸ್ನೇಹಿತರು, ಎಲ್ಲವೂ ಅದರಲ್ಲಿ ಜಮೆಯಾಗುತ್ತ ಹೋಗುತ್ತವೆ. ಬ್ಯಾಂಕಿನ ಪಾಸ್ ಪುಸ್ತಕದಂತೆಯೇ ಎನ್ನಬಹುದಾಗಿತ್ತು. ಆದರೆ ಪಾಸ್ ಪುಸ್ತಕವನ್ನು ಯಾರೂ ಇನ್ನೊಬ್ಬರಿಗೆ ಮಾರುವುದಿಲ್ಲ.

ನನಗೆ ಈ ಆಟದ ಗಂಟು ಬಿದ್ದುದು ೨೦೨೦ರಲ್ಲಿ. ಕೊರೊನಾ ಬಂದು ಶಾಲೆಗಳು ಮುಚ್ಚಿದ್ದುವು. ನಾನು ಹತ್ತನೆಯ ತರಗತಿ. ಪಾಠವೆಲ್ಲ ಫೋನಿನಲ್ಲೆಂದು ಮೇಷ್ಟರು ಹೇಳಿಕಳುಹಿಸಿದ್ದರಿಂದ ತಂದೆಯವರು ಸಾಲ ಮಾಡಿ ಒಂದು ಫೋನು ಕೊಂಡುತಂದರು. ನಮ್ಮೂರಿನಲ್ಲಿ ಸಿಗ್ನಲ್ ಸಿಕ್ಕುತ್ತಿದ್ದುದು ಊರಾಚೆಯ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಅಲ್ಲಿ ಕುಳಿತು ಪಾಠ ಕೇಳಬೇಕಾದ ಹುಡುಗರು ಏಳೆಂಟು ಮಂದಿ ಇದ್ದೆವು. ಪಾಠ ಮುಗಿದಮೇಲೆ ಏನು ಮಾಡುತ್ತಿದ್ದೆವೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಅದೇ ವರ್ಷ ಸೆಪ್ಟೆಂಬರ್ ೨ರಂದು ಸರ್ಕಾರ ಪಬ್ಜಿಯನ್ನು ನಿಷೇಧಿಸಿತು. ನಮ್ಮ ಮನೆಗಳಲ್ಲಿ ತಾಯಂದಿರು ಸರ್ಕಾರವನ್ನು ಮನಸಾರೆ ಹರಸಿದರು. ಆ ಹರಕೆ ಹತ್ತು ತಿಂಗಳು ಫಲಿಸಿತು. ೨೦೨೧ರ ಜುಲೈ ೨ರಂದು ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತೀಯ ವೇಷ ಧರಿಸಿ ಬಂದಿತು. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆ ಆ ತಿಂಗಳ ೧೯ಕ್ಕೆ. ಇದ್ದ ಹದಿನೇಳು ದಿನಗಳನ್ನು ನಾನು ಹೇಗೆ ಕಳೆದೆನೆಂಬುದು ನನ್ನ ಅಂಕಪಟ್ಟಿಯಲ್ಲಿ ದಾಖಲಾಗಿದೆ.

ಆ ಆಟವನ್ನು ನಾಲ್ವರು ಒಂದು ಗುಂಪಾಗಿ ಆಡಬಹುದು. ಟ್ಯಾಂಕಿನ ಹುಡುಗರು ಒಬ್ಬೊಬ್ಬರಾಗಿ ಐ.ಟಿ.ಐ., ಗಾರ್ಮೆಂಟ್ಸು, ಬೆಂಗಳೂರು ಎಂದು ಚದುರಿಹೋದ ಮೇಲೆ ನನಗೆ ಗುಂಪಿಲ್ಲದೆ ಹೋಯಿತು. ಒಂದು ರಾತ್ರಿ ಗೊತ್ತುಗುರಿಯಿಲ್ಲದ ಗುಂಪೊಂದರಲ್ಲಿ ಸೇರಿಕೊಂಡಾಗ ಕಿವಿಯಲ್ಲಿ ಒಂದು ದನಿ ಕೇಳಿಸಿತು: “ಲೇ ತಮ್ಮಾ, ಮನಿ ಬಾಗಲಾ ಹಾಕ್ಕೊಂಡ ಕುಂದರಬ್ಯಾಡೋ, ಹೊರಗ ಬಾ!” ವಿಜಯಪುರದ ಕಡೆಯ ಹುಡುಗ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅಂದಿನಿಂದ ಸುಮಾರು ಮೂರು ವರ್ಷ ರಾತ್ರಿ ಒಂಬತ್ತಕ್ಕೆ ಅವನು, ಅವನ ಇಬ್ಬರು ಗೆಳೆಯರು, ನಾನು. ಅವನ ಮುಖವನ್ನು ನಾನು ನೋಡಿಲ್ಲ. ಫೋನ್ ಸಂಖ್ಯೆಯನ್ನೂ ಕೇಳಿರಲಿಲ್ಲ. ದಿನವೂ ಸಿಕ್ಕುವವನ ವಿಳಾಸವನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ಅವನ ತಂದೆಗೆ ಸಕ್ಕರೆ ಕಾಯಿಲೆಯೆಂದೂ, ದ್ರಾಕ್ಷಿ ತೋಟಕ್ಕೆ ನೀರಿಲ್ಲವೆಂದೂ, ತಂಗಿಗೆ ಗಂಡು ನೋಡುತ್ತಿರುವರೆಂದೂ ನನಗೆ ಗೊತ್ತಿತ್ತು. ನಮ್ಮ ಹಸು ಕರು ಹಾಕಿದುದು, ನಾನು ಇಂಗ್ಲಿಷಿನಲ್ಲಿ ನಪಾಸಾದುದು ಅವನಿಗೆ ಗೊತ್ತಿತ್ತು. ನಮ್ಮ ಮನೆಯವರಿಗೆ ಎರಡನೆಯದು ಇನ್ನೂ ಗೊತ್ತಿರಲಿಲ್ಲ.

ಹೀಗಿರುವಾಗ ೨೦೨೪ರ ಬೇಸಗೆ ಬಂದಿತು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ್ದರು. ಏಪ್ರಿಲ್‌ನಲ್ಲಿ ನಮ್ಮ ಬೋರಿನ ಮೋಟರು ಸುಟ್ಟುಹೋಯಿತು. ಮೇಲಕ್ಕೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಲು ಹದಿನೈದು ಸಾವಿರವೆಂದು ಮೆಕ್ಯಾನಿಕ್ಕು ಹೇಳಿದನು. ತಂದೆಯವರು ಏನೂ ಮಾತನಾಡದೆ ಜಗಲಿಯ ಮೇಲೆ ಕುಳಿತಿದ್ದರು. ಆಗ ನನಗೆ ಹೊಳೆಯಿತು—ನನ್ನ ಬಳಿಯೂ ಒಂದು ಆಸ್ತಿಯಿದೆಯಲ್ಲ ಎಂದು.

ಆಸ್ತಿಯೆಂದರೆ ತಮಾಷೆಯಲ್ಲ. ಆ ಆಟದಲ್ಲಿ ಎಂ ೪೧೬ ಎಂಬ ಬಂದೂಕಿಗೆ ಗ್ಲೇಸಿಯರ್ ಎಂಬ ಹಿಮದ ಹೊದಿಕೆಯುಂಟು. ಅದು ಗುಂಡಿನ ಬಲವನ್ನು ಒಂದು ಗುಲಗಂಜಿಯಷ್ಟೂ ಹೆಚ್ಚಿಸುವುದಿಲ್ಲ. ನೋಡಲು ಚೆಂದ, ಸಿಕ್ಕುವುದು ಅಪರೂಪ, ಅಷ್ಟೆ. ಜನ ಅದಕ್ಕಾಗಿ ಸಾವಿರಗಟ್ಟಲೆ ಸುರಿದು ಪೆಟ್ಟಿಗೆಗಳನ್ನು ತೆರೆಯುತ್ತಾರೆ. ನನಗೆ ಅದು ಪುಕ್ಕಟೆಯ ಚೀಟಿಗಳನ್ನು ಕೂಡಿಹಾಕಿ ತೆರೆದ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ಆ ರಾತ್ರಿ ವಿಜಯಪುರದಲ್ಲಿ ಅವನು ಕುಣಿದನಂತೆ. ಅವನ ಅಜ್ಜಿ ಎದ್ದು ಬಂದು ಬೈದುದು ನನಗೂ ಕೇಳಿಸಿತು.

ಐಡಿಗಳ ಸಂತೆ ನಡೆಯುವುದು ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ. ಸಿದ್ಧಗಂಗೆಯ ದನಗಳ ಜಾತ್ರೆಗೆ ಚಿಕ್ಕಂದಿನಲ್ಲಿ ತಂದೆಯವರ ಜೊತೆ ಹೋಗಿದ್ದ ನನಗೆ ಅಲ್ಲಿನ ನಡವಳಿಕೆ ಹೊಸದೆನ್ನಿಸಲಿಲ್ಲ. ಎತ್ತಿನ ಹಲ್ಲು ಹಿಡಿದು ನೋಡುವಂತೆ ಕೊಳ್ಳುವವರು ಐಡಿಯ ಚಿತ್ರಗಳನ್ನು ತರಿಸಿ ನೋಡುತ್ತಾರೆ: ಎಷ್ಟನೆಯ ಮಟ್ಟ, ಯಾವ ಯಾವ ಉಡುಪು, ಯಾವ ವರ್ಷದಿಂದ ಇದೆ, ಒಮ್ಮೆಯಾದರೂ ಕಾಂಕರರ್ ಆಗಿತ್ತೆ—ಎಂದರೆ ಸರ್ವರಿನ ಮೊದಲ ಐನೂರು ಆಟಗಾರರಲ್ಲಿ ಸೇರಿತ್ತೆ—ಎಂದು. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವಂತೆ, ಗುಂಪಿನಲ್ಲಿ ಯಾರೂ ಬೆಲೆ ಬರೆಯುವುದಿಲ್ಲ. ಖಾಸಗಿಯಾಗಿ ಬನ್ನಿ ಎನ್ನುತ್ತಾರೆ. ದಲ್ಲಾಳಿಯೂ ಉಂಟು. ಅವನು ಎರಡೂ ಕಡೆಯವರನ್ನು ಕೂಡಿಸಿ, ಮೊದಲು ಹಣವನ್ನು ತನ್ನ ಕೈಗೆ ಹಾಕಿಸಿಕೊಂಡು, ಕೊಂಡವನು ಐಡಿಯೊಳಗೆ ಹೊಕ್ಕು ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಮಾರಿದವನಿಗೆ ಹಣ ಕಳುಹಿಸುತ್ತಾನೆ. ದಲ್ಲಾಳಿಯೇ ಹಣದೊಡನೆ ಮಾಯವಾಗುವುದೂ ಉಂಟು. ನನ್ನ ದಲ್ಲಾಳಿ ಸತ್ಯವಂತ. ಬೆಲೆ ೭,೫೦೦ ರೂಪಾಯಿಗೆ ನಿಂತಿತು. ಅವನು ೫೦೦ ಹಿಡಿದುಕೊಂಡು ೭,೦೦೦ ಕಳುಹಿಸಿದನು. ಕೊಂಡವನು ಹಾಸನದ ಹುಡುಗ, ಹೈಸ್ಕೂಲು. ಎಲ್ಲ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ನಮ್ಮ ಮನೆಯ ಹಳೆಯ ಎತ್ತನ್ನು ಮಾರಿದಾಗ ಎರಡು ದಿನ ಹಿಡಿದಿತ್ತು.

ಹಣವನ್ನು ತಂದೆಯವರ ಕೈಗೆ ಕೊಟ್ಟು, ವಿದ್ಯಾರ್ಥಿವೇತನ ಬಂದಿತೆಂದೆ. ಅವರು ನೋಟುಗಳನ್ನು ನೋಡಿದರು, ನನ್ನನ್ನು ನೋಡಿದರು.

“ಸ್ಕಾಲರ್‌ಶಿಪ್ಪು ಬಂದ್ರೆ ಮೆಸೇಜು ನನ್ ಫೋನಿಗಲ್ವೇನ್ಲಾ ಬರೋದು?”

ಸುಳ್ಳು ಅಲ್ಲಿಗೆ ಮುಗಿಯಿತು. ನಿಜ ಹೇಳಿದೆ. ಆದರೆ ಸುಳ್ಳಿಗಿಂತ ನಿಜವನ್ನು ನಂಬಿಸುವುದೇ ಕಷ್ಟವಾಯಿತು.

“ಕೊಂಡೋನು ಅದನ್ನ ಮನೇಗೆ ತಗೊಂಡೋದ್ನಾ?”

“ಇಲ್ಲಪ್ಪಾ.”

“ಮತ್ತೆ ಎಲ್ಲೈತೆ?”

“ಎಲ್ಲಿತ್ತೋ ಅಲ್ಲೇ ಐತೆ. ಆಟದ ಕಂಪನಿಯವರ ಕಂಪ್ಯೂಟರ್‌ನಾಗೆ.”

“ಹಂಗಾರೆ ಅದು ಅವರ್ದು. ಅವರ ಎತ್ತನ್ನ ನೀನು ಹೆಂಗೆ ಮಾರ್ದೆ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟರನ್ನು ಕೇಳಿದೆ. ಅವರು ಬೈಯುವರೆಂದುಕೊಂಡಿದ್ದೆ, ಬೈಯಲಿಲ್ಲ. ಓದು ಎಂದು ಒಂದೆರಡು ಹೆಸರುಗಳನ್ನು ಬರೆದುಕೊಟ್ಟರು. ಓದಿದ ಮೇಲೆ ತಿಳಿಯಿತು, ತಂದೆಯವರ ಪ್ರಶ್ನೆ ಕಾಲು ಶತಮಾನದಿಂದ ಲೋಕವನ್ನು ಕಾಡುತ್ತಿದೆಯೆಂದು.

ಎಡ್ವರ್ಡ್ ಕ್ಯಾಸ್ಟ್ರೊನೋವ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೨೦೦೧ರಲ್ಲಿ ಒಂದು ಪ್ರಬಂಧ ಬರೆದರು. ೧೯೯೯ರಲ್ಲಿ ಹೊರಬಂದ ಎವರ್‌ಕ್ವೆಸ್ಟ್ ಎಂಬ ಆಟದಲ್ಲಿ ನೊರಾತ್ ಎಂಬ ಕಲ್ಪನೆಯ ದೇಶವುಂಟು. ಅಲ್ಲಿನ ಕತ್ತಿ, ಕವಚ, ನಾಣ್ಯ, ಕೊನೆಗೆ ಇಡೀ ಪಾತ್ರಗಳನ್ನೇ ಜನ ಹೊರಗಡೆ ಹರಾಜಿನಲ್ಲಿ ನಿಜವಾದ ಡಾಲರಿಗೆ ಮಾರುತ್ತಿದ್ದರು. ಆ ಬೆಲೆಗಳನ್ನು ಹಿಡಿದು ಅವರು ಆ ಇಲ್ಲದ ದೇಶದ ಆದಾಯವನ್ನು ಲೆಕ್ಕ ಹಾಕಿದರು. ತಲಾ ಉತ್ಪನ್ನದಲ್ಲಿ ನೊರಾತ್ ರಷ್ಯಕ್ಕೂ ಬಲ್ಗೇರಿಯಕ್ಕೂ ನಡುವೆ ನಿಂತಿತು! ಅಲ್ಲಿ ರಾಕ್ಷಸರನ್ನು ಕೊಲ್ಲುವವನ ದುಡಿಮೆ ಗಂಟೆಗೆ ೩.೪೨ ಡಾಲರ್ ಎಂದು ಬಂದಿತು. ಇದನ್ನೋದಿ ನಾನೂ ನನ್ನ ಲೆಕ್ಕ ಹಾಕಿದೆ. ೨೦೨೧ರ ಜುಲೈಯಿಂದ ೨೦೨೪ರ ಏಪ್ರಿಲ್‌ವರೆಗೆ ಸುಮಾರು ಸಾವಿರ ದಿನ, ದಿನಕ್ಕೆ ಎರಡು ಗಂಟೆ. ಒಟ್ಟು ಎರಡು ಸಾವಿರ ಗಂಟೆ. ಏಳು ಸಾವಿರವನ್ನು ಭಾಗಿಸಿದರೆ ಗಂಟೆಗೆ ಮೂರೂವರೆ. ಡಾಲರಲ್ಲ, ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ ೩೪೯ ರೂಪಾಯಿ ಇತ್ತು. ಕೆರೆಯ ಹೂಳು ಎತ್ತಿದ್ದರೆ ಮೋಟರನ್ನಷ್ಟೇ ಅಲ್ಲ, ಬೋರನ್ನೇ ಹೊಸದಾಗಿ ತೆಗೆಸಬಹುದಾಗಿತ್ತು.

ಅದಿರಲಿ. ಕಂಪನಿಗಳು ಮೊದಲಿನಿಂದಲೂ ಹೇಳುತ್ತ ಬಂದಿರುವುದು ತಂದೆಯವರು ಹೇಳಿದುದನ್ನೇ: ಎತ್ತು ನಮ್ಮದು, ನಿಮಗೆ ಸವಾರಿಗೆ ಕೊಟ್ಟಿದ್ದೇವೆ. ಖಾತೆ ತೆರೆಯುವಾಗ ನಾವು ಓದದೆ ಒಪ್ಪಿಗೆಯೆಂದು ಒತ್ತುವ ಆ ಉದ್ದನೆಯ ಷರತ್ತುಗಳಲ್ಲಿ, ಖಾತೆಯನ್ನು ಪರಭಾರೆ ಮಾಡಕೂಡದೆಂದು ಬಹುಮಟ್ಟಿಗೆ ಎಲ್ಲರೂ ಬರೆದಿರುತ್ತಾರೆ. ತಿಳಿದರೆ ಐಡಿಯನ್ನೇ ಮುಚ್ಚಿಬಿಡಬಹುದು. ಕೊಂಡವನ ದುಡ್ಡು ನೀರಿಗೆ ಹೋಮ. ಹರಾಜಿನ ದೊಡ್ಡ ಅಂಗಡಿಯಾದ ಇಬೇ ೨೦೦೭ರ ಜನವರಿಯಲ್ಲಿ ಇಂಥ ಸರಕನ್ನು ಹೊರಗೆ ಹಾಕಿತು. ಆದರೂ ವ್ಯಾಪಾರ ನಿಲ್ಲಲಿಲ್ಲ. ಡಯಾಬ್ಲೊ ಎಂಬ ಆಟದ ಮೂರನೆಯ ಕಂತಿನಲ್ಲಿ ಕಂಪನಿಯೇ ೨೦೧೨ರಲ್ಲಿ ನಿಜದುಡ್ಡಿನ ಹರಾಜುಕಟ್ಟೆ ತೆರೆದು ಕಮಿಷನ್ ಹಿಡಿಯಿತು. ೨೦೧೪ರ ಮಾರ್ಚಿಯಲ್ಲಿ ತಾನೇ ಮುಚ್ಚಿತು. ಕತ್ತಿ ಅಂಗಡಿಯಲ್ಲೇ ಸಿಕ್ಕುವುದಾದರೆ ರಾಕ್ಷಸನೊಡನೆ ಕಾದಾಡುವವರು ಯಾರು?

ಚೀನಾದ ಸುದ್ದಿಗಳು ಎರಡು. ೨೦೦೩ರಲ್ಲಿ ಬೀಜಿಂಗಿನ ನ್ಯಾಯಾಲಯವೊಂದು, ಕಳುವಾದ ಆಟದ ಸಾಮಾನುಗಳನ್ನು ಆಟಗಾರನಿಗೆ ಹಿಂದಿರುಗಿಸುವಂತೆ ಕಂಪನಿಗೆ ಹೇಳಿತು. ಮತ್ತೊಂದು ೨೦೦೫ರ ಶಾಂಘೈಯದು. ಒಬ್ಬನು ತನ್ನ ಆಟದ ಕತ್ತಿಯನ್ನು ಗೆಳೆಯನಿಗೆ ಎರವಲು ಕೊಟ್ಟನು. ಗೆಳೆಯನು ಅದನ್ನು ೭,೨೦೦ ಯುವಾನಿಗೆ ಮಾರಿಬಿಟ್ಟನು. ಕೊಟ್ಟವನು ಪೊಲೀಸರ ಬಳಿಗೆ ಹೋದರೆ, ಇಲ್ಲದ ಕತ್ತಿಗೆ ಕಾನೂನಿನ ರಕ್ಷಣೆಯಿಲ್ಲವೆಂದರು. ಅವನು ಇರುವ ಕತ್ತಿಯನ್ನು ತೆಗೆದುಕೊಂಡು ಹೋಗಿ ಗೆಳೆಯನನ್ನು ಇರಿದು ಕೊಂದನು. ಅವನಿಗೆ ಮರಣದಂಡನೆಯಾಗಿ, ಜಾರಿಯನ್ನು ತಡೆಹಿಡಿದರು. ಇದನ್ನೋದಿದ ದಿನ ನನಗೆ ಊಟ ಸೇರಲಿಲ್ಲ. ಕೊಂದವನಿಗಾಗಿ ಅಲ್ಲ, ಎರವಲು ಪಡೆದುದನ್ನು ಮಾರಿದ ಆ ಗೆಳೆಯನ ನೆನಪು ಯಾಕೋ ಬಿಡಲಿಲ್ಲ.

(ನಮ್ಮಲ್ಲಿ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಮಾಡಿದಾಗ ತಂದೆಯವರು ಪತ್ರಿಕೆ ಓದಿ ಹಾಸ್ಟೆಲಿಗೆ ಫೋನು ಮಾಡಿ, ನಿನ್ನನ್ನೂ ಹಿಡಿಯುತ್ತಾರೇನೋ ಎಂದು ವಿಚಾರಿಸಿದರು. ಅದು ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮೇಲೆ ಬಂದ ಕಾಯಿದೆಯೆಂದು ಸಮಾಧಾನ ಹೇಳಿದೆ.)

ಇನ್ನು ನನ್ನ ವಿಷಯದಲ್ಲಿ ನಾಚಿಕೆಗೇಡಿನ ಭಾಗಕ್ಕೆ ಬರುತ್ತೇನೆ. ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವ ಪದ್ಧತಿಯಿಲ್ಲ. ಕೊಂಡವನು ತನ್ನ ಹಗ್ಗ ತರಬೇಕು. ಹಳೆಯ ಹಗ್ಗವನ್ನು ತಂದೆಯವರು ಮನೆಗೆ ತಂದು ಗೂಟಕ್ಕೆ ತಗುಲಿಹಾಕುತ್ತಾರೆ. ನಾನೂ ಒಂದು ಹಗ್ಗ ಇಟ್ಟುಕೊಂಡಿದ್ದೆ. ನನ್ನ ಐಡಿ ಒಂದು ಫೇಸ್‌ಬುಕ್ ಖಾತೆಗೆ, ಆ ಖಾತೆ ಒಂದು ಮೇಲ್ ವಿಳಾಸಕ್ಕೆ ಕಟ್ಟಿತ್ತು. ಮೇಲ್‌ನ ಪಾಸ್‌ವರ್ಡ್ ಕೊಡಣ್ಣಾ ಎಂದು ಹಾಸನದ ಹುಡುಗ ಕೇಳಿದಾಗ, ಮರೆತುಹೋಗಿದೆ, ನೆನಪಾದಾಗ ಕಳಿಸುತ್ತೇನೆ ಎಂದಿದ್ದೆ. ಮರೆತಿರಲಿಲ್ಲ. ಏಕೆ ಹಾಗೆಂದೆನೋ ಆ ಹೊತ್ತಿನಲ್ಲಿ ನನಗೇ ತಿಳಿಯದು. ಮನಸ್ಸು ಬರಲಿಲ್ಲ ಎಂದಿಟ್ಟುಕೊಳ್ಳಿ. ಎತ್ತಿನ ಹಗ್ಗವನ್ನು ಇಟ್ಟುಕೊಂಡರೆ ಎತ್ತೇನೂ ಹಿಂದಕ್ಕೆ ಬರುವುದಿಲ್ಲ. ಇಲ್ಲಿಯಾದರೋ ಹಗ್ಗವನ್ನೆಳೆದರೆ ಎತ್ತು ಹಾಸನದಿಂದ ಒಂದು ಕ್ಷಣದಲ್ಲಿ ನಮ್ಮ ಕೊಟ್ಟಿಗೆಗೆ ಬಂದು ನಿಲ್ಲುತ್ತದೆ.

ಇದಕ್ಕೆ ಸಂತೆಯಲ್ಲಿ ರಿಕವರಿ ಎಂಬ ಹೆಸರಿದೆಯೆಂದು ನನ್ನ ಹಾಸ್ಟೆಲಿನ ಮಿತ್ರನು ತಿಳಿಸಿದನು. ಅವನು ಒಂದೇ ಐಡಿಯನ್ನು ಮೂರು ಸಲ ಮಾರಿದವರನ್ನು ಬಲ್ಲನು. ಕೊಂಡವನು ಯಾರಿಗೆ ದೂರು ಕೊಡಬೇಕು? ಕಂಪನಿಗೆ ಬರೆದರೆ ಕೊಂಡದ್ದೇ ತಪ್ಪು. ಪೊಲೀಸರ ಬಳಿಗೆ ಹೋಗಲು ಹೈಸ್ಕೂಲು ಹುಡುಗನಿಗೆ ಮೊದಲು ಅಪ್ಪನಿಗೆ ಹೇಳಬೇಕು. “ಎಳಿ ಮಗಾ, ಸೆಮಿಸ್ಟರ್ ಫೀಸಾಯ್ತದೆ” ಎಂದನು. ಜುಲೈಯಲ್ಲಿ ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ಪಾಸ್‌ವರ್ಡ್ ಮರೆತಿದೆ ಎಂಬಲ್ಲಿ ಒತ್ತಿದೆ. ಮೇಲ್‌ಗೆ ಅಂಕಿಗಳ ಒಂದು ಸಂಕೇತ ಬಂದಿತು. ಅದನ್ನು ತುಂಬಿದರೆ ಸಾಕು. ತುಂಬದೆ ನೋಡುತ್ತ ಕುಳಿತೆ. ಧರ್ಮಬುದ್ಧಿಯಿಂದ ಎಂದು ಹೇಳಲಾರೆ. ಅತ್ತ ಹಾಸನದಲ್ಲಿ ಆ ಹುಡುಗ ಬೆಳಿಗ್ಗೆ ಎದ್ದು ಪಾಸ್‌ವರ್ಡ್ ತಪ್ಪು ಎಂದು ಬಂದುದನ್ನು ನೋಡಿ, ಸರಿಯಾಗಿ ಒತ್ತಲಿಲ್ಲವೇನೋ ಎಂದು ಮತ್ತೆ ಮತ್ತೆ ಒತ್ತುವುದು ಕಣ್ಣಿಗೆ ಕಟ್ಟಿತು. ಸಂಕೇತದ ಅವಧಿ ಮುಗಿಯಿತು. ಮಲಗಿದೆ. ಆದರೆ ಮೇಲ್‌ನ ಪಾಸ್‌ವರ್ಡನ್ನು ಆಗಲೂ ಅವನಿಗೆ ಕಳಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಆಟದ ಹಂಬಲ ತಡೆಯಲಾರದೆ ಹೊಸದೊಂದು ಐಡಿ ತೆರೆದೆ. ಮೊದಲನೆಯ ಮಟ್ಟ, ಬರಿಯ ಬನಿಯನ್ನು ಚಡ್ಡಿ. ವಿಜಯಪುರದವನ ಐಡಿಯ ಉದ್ದದ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಹುಡುಕಿ ಸ್ನೇಹದ ಕೋರಿಕೆ ಕಳುಹಿಸಿದೆ. ಮೂರು ದಿನದ ಮೇಲೆ ಒಪ್ಪಿದನು. ಮಾತಿಗೆ ಬಂದೊಡನೆ ನನ್ನ ಹಳೆಯ ಹೆಸರನ್ನು ಹೇಳಿ, ನಾನು ಇಂಥವನು ಎಂದೆ.

“ಏ, ಯಾರಲೇ ನೀ? ಅಂವಾ ನಮ್ಮ ಜೋಡಿ ದಿನಾ ಬರ್ತಾನ. ನಿನ್ನೆನೂ ಬಂದಿದ್ದ.”

ನನಗೆ ನಗು ಬಂದಿತು. ಆಮೇಲೆ ನಗು ನಿಂತಿತು. ನಾನು ನಾನೇ ಎಂದು ಹೇಳಲು ನನ್ನ ಬಳಿ ಯಾವ ದಾಖಲೆಯೂ ಇರಲಿಲ್ಲ. ಇದ್ದ ದಾಖಲೆಯನ್ನು ಏಳು ಸಾವಿರಕ್ಕೆ ಕೊಟ್ಟಾಗಿತ್ತು. ಕೊನೆಗೆ ಅವನ ಅಜ್ಜಿ ಎದ್ದು ಬಂದು ಬೈದ ರಾತ್ರಿಯನ್ನು ನೆನಪಿಸಿದೆ. ಅವನು ಸುಮ್ಮನಾದನು.

“ದನಿ ಖರೇ ನಿಂದ ಐತಿ,” ಎಂದನು ಸ್ವಲ್ಪ ಹೊತ್ತಿನ ಮೇಲೆ. “ಹಂಗಾರ ಅಂವಾ ಯಾರು?”

ಹೇಳಿದೆ. ಮೋಟರಿನ ವಿಷಯವನ್ನೂ ಹೇಳಿದೆ. ಮೋಟರಿಗೆ ಅವನು ತಕರಾರು ಮಾಡಲಿಲ್ಲ, ಅವನೂ ತೋಟದವನು. ಅವನು ಹೇಳಿದುದು ಬೇರೆ. ಏಪ್ರಿಲ್ ಕೊನೆಯಿಂದ ನಾನು ಮಾತನಾಡುವುದನ್ನು ಬಿಟ್ಟೆನೆಂದು ಅವರು ಮೂವರೂ ತಿಳಿದಿದ್ದರಂತೆ. ಫೋನಿನ ಮೈಕು ಕೆಟ್ಟಿರಬೇಕೆಂದು ಒಬ್ಬನು, ಮನೆಯಲ್ಲಿ ಏನೋ ಆಗಿರಬೇಕೆಂದು ಇನ್ನೊಬ್ಬನು. ಆಟ ಮೊದಲಿನಂತೆ ಬರುತ್ತಿರಲಿಲ್ಲವಾದರೂ, ಸಂಕಟದಲ್ಲಿದ್ದಾನೆ, ಏನೂ ಕೇಳಬೇಡಿರೆಂದು ಇವನು ಉಳಿದವರಿಗೆ ಹೇಳಿದ್ದನಂತೆ. ಜೂನ್‌ನಲ್ಲಿ ಅವನ ತಂದೆಯವರ ಕಾಲಿನ ಎರಡು ಬೆರಳು ತೆಗೆದರು. ಅದನ್ನು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ರಾತ್ರಿ ಹನ್ನೊಂದು ಗಂಟೆಯವರೆಗೆ ನನಗೆ ಹೇಳಿದನಂತೆ. ನನಗೆ, ಎಂದರೆ ಆ ಐಡಿಗೆ.

“ಅಂವಾ ಏನೂ ಅನ್ಲಿಲ್ಲಾ. ಆದರ ಬಿಟ್ಟ ಹೋಗ್ಲಿಲ್ಲ. ಕೇಳ್ಕೋತ ಕುಂತಿದ್ದ. ನೀನಾ ಅಂತ ತಿಳ್ಕೊಂಡಿದ್ಯಾ.”

ನಾನು ಏನು ಹೇಳಲಿ? ಸುಮ್ಮನಿದ್ದೆ.

“ಎಷ್ಟಕ್ಕ ಕೊಟ್ಟಿ?”

“ಏಳೂವರೆ.”

“ಅದರಾಗ ನನ್ನ ಪಾಲ ಎಷ್ಟೋ?” ಎಂದನು. ನಗುತ್ತಲೇ ಹೇಳಿದನು. ಆದರೆ ಆ ರಾತ್ರಿ ಮತ್ತೊಂದು ಆಟಕ್ಕೆ ನಿಲ್ಲಲಿಲ್ಲ. ತೋಟಕ್ಕೆ ಬೆಳಿಗ್ಗೆ ಬೇಗ ಹೋಗಬೇಕೆಂದನು.

ಮರುದಿನ ತರಗತಿ ಮುಗಿಸಿಕೊಂಡು ಬಂದು ಹಾಸನದ ಹುಡುಗನಿಗೆ ಫೋನು ಮಾಡಿದೆ. ಮೇಲ್‌ನ ಪಾಸ್‌ವರ್ಡ್ ನೆನಪಾಯಿತು, ಬರೆದುಕೊ, ಈಗಲೇ ಬದಲಾಯಿಸಿಕೊ ಎಂದೆ. ಅವನು ಬರೆದುಕೊಂಡನು. ನನ್ನೆದುರಿಗೇ ಬದಲಾಯಿಸಿಕೊಂಡನೆಂದು ತೋರುತ್ತದೆ, ಐದು ನಿಮಿಷ ಫೋನನ್ನು ಇಡಲಿಲ್ಲ. ಅಷ್ಟು ದಿನ ಮಾತನಾಡದೆ ಆಡಿದೆಯಲ್ಲ, ಯಾಕೆ ಎಂದು ಕೇಳಿದೆ.

“ಮಾತಾಡಿದ್ರೆ ನೀವಲ್ಲ ಅಂತ ಗೊತ್ತಾಗೋದಲ್ಲಣ್ಣಾ,” ಎಂದನು. “ನನ್ನ ಹಳೇ ಐಡೀಲಿ ಯಾರೂ ಟೀಮಿಗೆ ಸೇರಿಸ್ಕೊಳ್ತಿರ್ಲಿಲ್ಲ. ಅವರು ಚೆನ್ನಾಗಿ ಮಾತಾಡೋರು.”

ನಾನು ಸರಿ ಎಂದು ಫೋನು ಇಡಬೇಕೆನ್ನುವಷ್ಟರಲ್ಲಿ ಅವನು ಮತ್ತೆ ಕೇಳಿದನು:

“ಅಣ್ಣಾ, ಇವತ್ತು ಬೆಳಿಗ್ಗೆ ನೋಡ್ತೀನಿ, ಆ ಬಿಜಾಪುರದ ಮೂರು ಜನಾನೂ ನನ್ನ ಲಿಸ್ಟಿಂದ ತೆಗೆದಿದ್ದಾರೆ. ನೀವೇನಾದ್ರೂ ಹೇಳಿದ್ರಾ?”